ಹೂಂ

ಆಫೀಸಿನಿಂದ ಬಂದ ಪೊಟ್ಟಣ ಬಿಚ್ಚಿದರೆ ಒಳಗೆ ಅಂಗೈಯಗಲದ, ದುಂಡನೆಯ, ಬೂದುಬಣ್ಣದ ಒಂದು ವಸ್ತು. ಮೇಲೆ ಜಾಲರಿಯಂಥ ಬಟ್ಟೆ, ಅಂಚಿನಲ್ಲಿ ಮುಟ್ಟಿದರೆ ಬೆಳಗುವ ನಾಲ್ಕಾರು ಗುರುತು. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಏನೇ ಇದು, ಚಟ್ನಿಪುಡಿ ಡಬ್ಬಿ ಮುಚ್ಚಳ ಇದ್ದ ಹಾಗಿದೆ" ಅಂದಳು.

ಅದು ಸ್ಪೀಕರ್‌ಫೋನ್. ಲ್ಯಾಪ್‌ಟಾಪಿಗೆ ಸಿಕ್ಕಿಸಿ ಇಲ್ಲವೇ ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸಿ ಮೇಜಿನ ನಡುವೆ ಇಟ್ಟರೆ ಸುತ್ತ ಕೂತ ನಾಲ್ಕು ಜನ ಒಂದೇ ಕಾಲ್‌ನಲ್ಲಿ ಮಾತಾಡಬಹುದು. ಮುಗಿದ ಮೇಲೆ ಬ್ಯಾಗಿಗೆ ಹಾಕಿಕೊಂಡು ಹೋಗಬಹುದು. 2020ರ ಮಾರ್ಚ್‌ನಲ್ಲಿ ಮನೆ ಸೇರಿದ ನಮ್ಮ ತಂಡದವರಲ್ಲಿ ಅರ್ಧ ಜನ ಇನ್ನೂ ಪೂರ್ತಿ ಆಫೀಸಿಗೆ ಮರಳಿಲ್ಲ. ಅಂಥವರಿಗೆಲ್ಲ ಇದನ್ನು ಕೊಡಿಸುವುದೋ ಬೇಡವೋ ಎಂದು ತೀರ್ಮಾನಿಸಲು ಎರಡು ವಾರ ಬಳಸಿ ಅಭಿಪ್ರಾಯ ಬರೆಯಿರಿ ಎಂದಿದ್ದರು. ಒಂದು ಪುಟ ಮೀರಬಾರದು. ಆ ಪುಟವನ್ನು ಬರೆದು ಕಳಿಸಿಯಾಗಿದೆ. ಅದರಲ್ಲಿ ಹಿಡಿಯದೆ ಉಳಿದದ್ದು ಇದು.

ಮೊದಲ ದಿನವೇ ತಿಳಿದದ್ದೇನೆಂದರೆ, ಇದನ್ನು ಒಬ್ಬಳೇ ಪರೀಕ್ಷೆ ಮಾಡಲು ಬರುವುದಿಲ್ಲ. ಕುಕ್ಕರ್ ಕೊಂಡರೆ ನೀರು ಹಾಕಿ ಕೂಗಿಸಿ ನೋಡಬಹುದು. ಚಪ್ಪಲಿ ಕೊಂಡರೆ ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಹಾಕಬಹುದು. ಇಲ್ಲಿ ಹಾಗಿಲ್ಲ. ಬೇರೆಯವರ ದನಿ ನನಗೆ ಚೆನ್ನಾಗಿ ಕೇಳಿಸುತ್ತದೆ, ಸರಿ. ನನ್ನದು ಅವರಿಗೆ ಹೇಗೆ ಕೇಳಿಸುತ್ತಿದೆ? ಅದನ್ನು ಅವರೇ ಹೇಳಬೇಕು. ಈ ಐದಾರು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ಯಾವುದೆಂದು ಲೆಕ್ಕ ಹಾಕಿದರೆ "ಕೇಳಿಸ್ತಿದೆಯಾ?" ಎಂಬುದೇ ಇರಬೇಕು. ದೇವರ ಹೆಸರನ್ನು ಅಷ್ಟು ಸಲ ಹೇಳಿದ್ದರೆ ಏನಾದರೂ ಆಗಿರುತ್ತಿತ್ತು.

ನ್ಯೂಜೆರ್ಸಿಯಲ್ಲಿರುವ ತಮ್ಮನಿಗೆ ಕಾಲ್ ಮಾಡಿದೆ. ಹೋಲಿಸಿ ನೋಡಲೆಂದು ಮೊದಲು ಬರಿಯ ಲ್ಯಾಪ್‌ಟಾಪಿನಲ್ಲೇ, ದನಿ ಜೋರು ಮಾಡಿಕೊಂಡು ಮಾತಾಡಿದೆ. "ಅಕ್ಕಾ, ನಾನು ಆಡಿದ್ದೇ ನಂಗೆ ವಾಪಸ್ ಬರ್ತಿದೆ" ಎಂದ. ನನಗೇನೂ ತೊಂದರೆ ಇರಲಿಲ್ಲ. ಅವನ ದನಿ ನಮ್ಮ ನಡುಮನೆಗೆ ಬಂದು, ಗೋಡೆಗೆ, ಗಾಜಿನ ಬೀರುವಿಗೆ, ಅಪ್ಪ ಹಾಕಿಸಿದ ರೆಡ್ ಆಕ್ಸೈಡ್ ನೆಲಕ್ಕೆ ಬಡಿದು, ಮೈಕಿನೊಳಗೆ ಹೊಕ್ಕು, ಸಮುದ್ರ ದಾಟಿ ಅವನ ಕಿವಿಗೇ ಹೋಗುತ್ತಿತ್ತು. ದೋಷ ನಮ್ಮ ಮನೆಯದು, ಅನುಭವಿಸುವವನು ಅವನು. ನಾನು ಮಾತ್ರ ಏನೂ ತಿಳಿಯದವಳ ಹಾಗೆ ಆರಾಮಾಗಿ ಮಾತು ಮುಂದುವರಿಸಿದ್ದೆ. ಹೀಗೆ ಎಷ್ಟು ಜನರ ಮಾತನ್ನು ಅವರ ಮುಖಕ್ಕೇ ತಿರುಗಿಸಿ ಎಸೆದಿದ್ದೇನೋ, ಎಷ್ಟು ಜನ ದಾಕ್ಷಿಣ್ಯಕ್ಕೆ ಸುಮ್ಮನಿದ್ದರೋ!

ಆಮೇಲೆ ಮುಚ್ಚಳವನ್ನು ಜೋಡಿಸಿದೆ. ಒಂದೆರಡು ವಾಕ್ಯ ಆಗುವಷ್ಟರಲ್ಲಿ ಅವನು "ಈಗ ಸರಿಹೋಯ್ತು" ಎಂದ. ಆ ಒಂದೆರಡು ವಾಕ್ಯಗಳ ಹೊತ್ತಿನಲ್ಲಿ ಅದರೊಳಗೆ ಏನು ನಡೆಯಿತು ಎಂಬುದು ನನ್ನನ್ನು ಹಿಡಿದು ನಿಲ್ಲಿಸಿತು.

ತಮ್ಮನ ದನಿಯನ್ನು ಹೊರಗೆ ಬಿಡುವ ಮೊದಲೇ ಆ ಯಂತ್ರಕ್ಕೆ ಅದು ಗೊತ್ತಿರುತ್ತದೆ. ಈ ದನಿ ಈ ಕೋಣೆಯಲ್ಲಿ ಸುತ್ತಾಡಿ ಬಂದರೆ ಹೇಗಾಗಿರುತ್ತದೆ ಎಂದು ಅದು ಊಹಿಸಿ ಒಂದು ನಕಲು ತಯಾರಿಸಿಕೊಳ್ಳುತ್ತದೆ. ಮೈಕಿಗೆ ಬಂದದ್ದರಲ್ಲಿ ಆ ನಕಲನ್ನು ಕಳೆಯುತ್ತದೆ. ಉಳಿದದ್ದೇ ನನ್ನ ಮಾತು. ಊಹೆ ಮೊದಮೊದಲು ತಪ್ಪುತ್ತದೆ, ತಪ್ಪನ್ನು ನೋಡಿಕೊಂಡು ತಿದ್ದಿಕೊಳ್ಳುತ್ತದೆ. ಮೇಜಿನಿಂದ ಎತ್ತಿ ಕಿಟಕಿಯ ಬಳಿ ಇಟ್ಟರೆ, ಬಾಗಿಲು ತೆರೆದರೆ, ಕೋಣೆಯನ್ನು ಮತ್ತೆ ಕಲಿಯಬೇಕು. ಹಾಸಿಗೆ, ರಜಾಯಿ ತುಂಬಿದ ಮಲಗುವ ಕೋಣೆಯಲ್ಲಿ ಪಾಠ ಸುಲಭ. ನಮ್ಮ ನಡುಮನೆಯಂಥ ಬರಿನೆಲದ ಕಡೆ ಕಷ್ಟ. ಇನ್ನೂ ಒಂದು ಸಂಗತಿಯಿದೆ. ಆಚೆಯವರು ಮಾತಾಡುತ್ತಿದ್ದು ನಾವು ಸುಮ್ಮನಿದ್ದಾಗಲೇ ಅದು ಚೆನ್ನಾಗಿ ಕಲಿಯುವುದು. ಇಬ್ಬರೂ ಒಟ್ಟಿಗೆ ಬಾಯಿ ತೆರೆದರೆ ಯಾವುದು ಯಾರದೆಂದು ತಿಳಿಯದೆ ಊಹೆ ಕೆಡುತ್ತದೆ. ಅದಕ್ಕೇ ಅಂಥ ಹೊತ್ತಿನಲ್ಲಿ ಕಲಿಕೆಯನ್ನೇ ನಿಲ್ಲಿಸುವಂತೆ ಇವನ್ನು ರೂಪಿಸಿರುತ್ತಾರೆ. ನಮ್ಮ ಟಿವಿ ಚರ್ಚೆಗಳ ನಡುವೆ ಇದನ್ನು ಇಟ್ಟರೆ ಜನ್ಮದಲ್ಲಿ ಏನನ್ನೂ ಕಲಿಯಲಾರದು.

ಈ ಉಪಾಯ ಹೊಳೆದವರಲ್ಲಿ ಒಬ್ಬರಿಗೆ ನಮ್ಮ ಬೆಂಗಳೂರಿನ ನಂಟಿದೆ. ಮನಮೋಹನ್ ಸೋಂಧಿ ಎಂಬ ತರುಣ ದೆಹಲಿಯಲ್ಲಿ ಭೌತಶಾಸ್ತ್ರ ಓದಿ, ಇಲ್ಲಿಯ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1953ರಲ್ಲಿ ಸಂಪರ್ಕ ಎಂಜಿನಿಯರಿಂಗ್ ಡಿಪ್ಲೊಮಾ ಮುಗಿಸಿ ಅಮೆರಿಕಕ್ಕೆ ಹೋದರು. 1962ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು. ಅದೇ ವರ್ಷ ಟೆಲ್‌ಸ್ಟಾರ್ ಉಪಗ್ರಹ ಹಾರಿತ್ತು. ಫೋನಿನ ಮಾತು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹೋಗಿ ಇಳಿಯುವ ಕಾಲ ಹತ್ತಿರವಾಗಿತ್ತು. ಅಷ್ಟು ದೂರ ಹೋಗಿ ಬರುವಾಗ ಒಂದೊಂದು ದಿಕ್ಕಿಗೂ ಕಾಲು ಸೆಕೆಂಡು. ತನ್ನದೇ ಮಾತು ಅರ್ಧ ಸೆಕೆಂಡು ತಡವಾಗಿ ಕಿವಿಗೆ ಬಿದ್ದರೆ ಎಂಥ ವಾಚಾಳಿಯೂ ತೊದಲುತ್ತಾನೆ. ಅದುವರೆಗೆ ಇದ್ದ ಮದ್ದು ಒರಟಾದದ್ದು: ಒಬ್ಬರು ಮಾತಾಡುವಾಗ ಇನ್ನೊಬ್ಬರ ದಾರಿಯನ್ನು ಮುಚ್ಚಿಬಿಡುವುದು. ಬೆಲ್ ಲ್ಯಾಬ್ಸ್‌ನಲ್ಲಿ ಸೋಂಧಿ ಮತ್ತು ಅವರ ಜೊತೆಗಾರರು ಬೇರೆ ದಾರಿ ಹಿಡಿದರು. ಮುಚ್ಚುವುದು ಬೇಡ, ಕಳೆಯೋಣ. ಸೋಂಧಿಯವರ ಲೇಖನ 1967ರಲ್ಲಿ ಅಚ್ಚಾಯಿತು. ಇಂದು ನಮ್ಮ ಊಟದ ಮೇಜಿನ ಮೇಲೆ ಕೂತಿರುವ ಮುಚ್ಚಳ ಆ ವಂಶದ್ದು.

ಮುಚ್ಚುವುದಕ್ಕೂ ಕಳೆಯುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಹಲವು ದಿನ ಬಾಯಲ್ಲಿ ಕಲ್ಲುಸಕ್ಕರೆಯಂತೆ ಇಟ್ಟುಕೊಂಡಿದ್ದೆ. ಕೇಳಬೇಕಾದರೆ ಬಾಯಿ ಮುಚ್ಚು ಎಂದು ನಮಗೆಲ್ಲ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದಾರೆ. ಯಂತ್ರ ಮಾಡುವುದು ಅದಲ್ಲ. ತಾನು ಈಗಷ್ಟೇ ಹೊರಗೆ ಬಿಟ್ಟ ಸದ್ದು ಕೋಣೆಯಲ್ಲೆಲ್ಲ ತುಂಬಿದೆ ಎಂದು ಅದಕ್ಕೆ ಗೊತ್ತು, ಆ ಸದ್ದನ್ನು ಲೆಕ್ಕದಿಂದ ತೆಗೆದು ನೋಡುತ್ತದೆ. ನಾನು ಗಂಡನ ಜೊತೆ, ಮಗನ ಜೊತೆ ಮಾತಾಡುವಾಗ ಬಾಯಿ ಮುಚ್ಚುತ್ತೇನೆ ನಿಜ. ನಾನು ಅದಕ್ಕೆ ಮೊದಲು ಆಡಿದ್ದು ಕಿವಿಯೊಳಗೆ ಸುತ್ತುತ್ತಲೇ ಇರುತ್ತದೆ. ಅವರು ಹೇಳಿದ್ದರಲ್ಲಿ ನನ್ನ ಮಾತಿಗೆ ಸಿಕ್ಕಿದ ಪೆಟ್ಟು ಎಷ್ಟು, ಒಪ್ಪಿಗೆ ಎಷ್ಟು ಎಂಬುದನ್ನೇ ತೂಗುತ್ತಿರುತ್ತೇನೆ. ಅವರ ಮಾತಿನಲ್ಲಿ ನಾನು ಕೇಳಿಸಿಕೊಂಡದ್ದು ನನ್ನನ್ನೇ.

ಕನ್ನಡದಲ್ಲಿ ಇದಕ್ಕೆ ಬೇರೆ ಬೇರೆ ಮಾತಿವೆ. ನಮ್ಮ ದನಿ ನಮಗೇ ಮರಳಿದರೆ ಅದು ಮಾರ್ದನಿ. ನಾವು ಕರೆದದ್ದಕ್ಕೆ ಇನ್ನೊಬ್ಬರು "ಓ" ಎಂದರೆ ಅದು ಓಗೊಡುವುದು. ಎಂಟನೇ ಕ್ಲಾಸಿನಲ್ಲಿ ವಿಜಯಪುರದ ಗೋಳಗುಮ್ಮಟಕ್ಕೆ ಪ್ರವಾಸ ಹೋಗಿದ್ದೆವು. ಸುಮಾರು 44 ಮೀಟರ್ ವ್ಯಾಸದ ಆ ಗುಮ್ಮಟದೊಳಗೆ ಒಂದು ಕೂಗು ಏಳು ಸಲ, ಅದಕ್ಕೂ ಹೆಚ್ಚು ಸಲ ಮರಳುತ್ತದೆ. ನಾವು ಐವತ್ತು ಹುಡುಗಿಯರೂ ಅಲ್ಲಿ ಕೂಗಿದ್ದು ಅವರವರ ಹೆಸರನ್ನೇ. ಪಕ್ಕದಲ್ಲಿದ್ದ ಗೆಳತಿಯ ಹೆಸರು ಕೂಗಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಗೋಳಗುಮ್ಮಟ ಮಾರ್ದನಿಯ ಅರಮನೆ. ಅಲ್ಲಿ ಓಗೊಡುವವರು ಯಾರೂ ಇಲ್ಲ. ಅದು ಮುಹಮ್ಮದ್ ಆದಿಲ್ ಶಾನ ಸಮಾಧಿ ಎಂಬುದು ಆ ಗದ್ದಲದಲ್ಲಿ ನಮಗೆ ನೆನಪಿರಲಿಲ್ಲ.

ಮೂರನೆಯ ದಿನ ಆಫೀಸಿನ ದೊಡ್ಡ ಕಾಲ್. ಹನ್ನೊಂದು ಜನ. ನಾನು ಇಪ್ಪತ್ತು ನಿಮಿಷ ಮಾತಾಡಬೇಕಿತ್ತು. ಬೆಳಗಿನ ಹೊತ್ತು, ಹೊರಗೆ "ಸೊಪ್ಪೂ" ಎಂದು ಕೂಗುತ್ತ ಗಾಡಿ ಹೋಯಿತು, ಒಳಗೆ ಕುಕ್ಕರ್ ಮೂರು ಸಲ ಕೂಗಿತು, ಎದುರು ಮನೆಯ ಮಾವಿನಮರದಲ್ಲಿ ಕೋಗಿಲೆ. ಯಾವುದೂ ಆಚೆಗೆ ಹೋಗಲಿಲ್ಲ. ಮಾತಲ್ಲದ ಸದ್ದನ್ನು ಹೆಕ್ಕಿ ತೆಗೆಯುವುದೂ ಈ ಯಂತ್ರದ ಕೆಲಸ. ಮುಗಿದ ಮೇಲೆ ಆಚೆಯ ಮ್ಯಾನೇಜರ್, ನೀವೇನು ಸ್ಟುಡಿಯೋದಲ್ಲಿದ್ದೀರಾ ಎಂದು ಕೇಳಿದರು. ಹೊಗಳಿಕೆಯೇ. ಆದರೆ ನಾನಿದ್ದದ್ದು ಜಯನಗರದಲ್ಲಿ, ಅಡುಗೆಮನೆಯ ಪಕ್ಕದಲ್ಲಿ. 2020ರಲ್ಲಿ ಹಿಂದಿನಿಂದ ಕುಕ್ಕರ್ ಕೂಗಿದರೆ ಆಚೆಯವರು ನಗುತ್ತಿದ್ದರು, ಇವತ್ತು ಏನಡುಗೆ ಎಂದು ಕೇಳುತ್ತಿದ್ದರು. ಈಗ ಊರೇ ಇಲ್ಲದ ಒಂದು ದನಿ ಅವರ ಕಿವಿಗೆ ಬೀಳುತ್ತಿತ್ತು.

ಈ ಬೇಸರವನ್ನು ನಮ್ಮ ತಂಡದ ಹುಬ್ಬಳ್ಳಿಯ ಹುಡುಗನ ಮುಂದೆ ತೋಡಿಕೊಂಡೆ. ಅವನು ಒಪ್ಪಲಿಲ್ಲ. ಅವನಿರುವುದು ಬಿಟಿಎಂ ಲೇಔಟಿನ ಪಿ.ಜಿ.ಯಲ್ಲಿ, ಒಂದು ಕೋಣೆಗೆ ಮೂವರು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳನ್ನು ಮೂರು ಅಕ್ಷರಕ್ಕೆ ಒತ್ತಿಟ್ಟ ಹಾಗೇ ಇದೆ ಆ ಕೋಣೆಯೂ. ಒಬ್ಬ ಕ್ಲೈಂಟ್ ಜೊತೆ, ಇನ್ನೊಬ್ಬ ಇಂಟರ್‌ವ್ಯೂನಲ್ಲಿ, ಮತ್ತೊಬ್ಬ ಮದುವೆಯಾಗಬೇಕಾದ ಹುಡುಗಿಯ ಜೊತೆ. "ಮೇಡಂ, ನಿಮಗೆ ಕೋಗಿಲೆ ಹೋಯ್ತು ಅಂತ ಬ್ಯಾಸರ. ನಮಗ ಇದು ಇಲ್ಲದ ಗ್ವಾಡಿ ಕಟ್ಟಿಕೊಡ್ತದ ನೋಡ್ರಿ" ಎಂದ. ಬಾಯಿ ಮುಚ್ಚಿಕೊಂಡೆ. ಅಳಿಸಿ ಹೋಗಲಿ ಎಂದು ಬಯಸುವಷ್ಟು ಸದ್ದಿನ ನಡುವೆ ಬದುಕುವವರ ಮುಂದೆ ಸದ್ದಿನ ಚೆಲುವನ್ನು ಹೇಳುವುದು ಉಂಡವಳು ಹಸಿದವನಿಗೆ ಹೇಳುವ ಉಪವಾಸದ ಮಹಿಮೆಯಂತೆ.

ಆದರೂ ಒಂದು ಮುಳ್ಳು ಉಳಿಯಿತು. ಅದು ಕೋಗಿಲೆಯದ್ದಲ್ಲ. ಆ ಇಪ್ಪತ್ತು ನಿಮಿಷ ನಾನು ಮಾತಾಡುವಾಗ ಹತ್ತು ಜನರೂ ಮ್ಯೂಟ್‌ನಲ್ಲಿದ್ದರು. ಶಿಷ್ಟಾಚಾರವೇ ಅದು. ಅಷ್ಟು ನಿರ್ಮಲವಾದ ಮೌನವನ್ನು ನಾನು ಯಾವ ಗುಡಿಯಲ್ಲೂ ಕಂಡಿಲ್ಲ. ಐದನೆಯ ನಿಮಿಷಕ್ಕೆ ನನ್ನ ದನಿ ತಾನಾಗಿಯೇ ಏರಿತು, ಹತ್ತನೆಯ ನಿಮಿಷಕ್ಕೆ ಹೇಳಿದ್ದನ್ನೇ ಹೇಳತೊಡಗಿದೆ. ಬಾವಿಗೆ ಕಲ್ಲು ಹಾಕಿ ನೀರಿನ ಸದ್ದಿಗೆ ಕಾದಂತೆ ಕಾದೆ. ಕಡೆಗೆ "ಕೇಳಿಸ್ತಿದೆಯಾ?" ಎಂದೆ. ಯಾರೋ ಮ್ಯೂಟ್ ತೆಗೆದು "ಯೆಸ್ ಯೆಸ್" ಎಂದು ಮತ್ತೆ ಮುಚ್ಚಿಕೊಂಡರು. ಎಲ್ಲರಿಗೂ ಕೇಳಿಸುತ್ತಿತ್ತು, ಸಂಶಯವಿಲ್ಲ. ಕೇಳುತ್ತಿದ್ದರೇ?

ನಮ್ಮಲ್ಲಿ ಕೇಳು ಎಂಬ ಒಂದೇ ಧಾತುವಿಗೆ ಎರಡು ಕೆಲಸ. ಪಾಠ ಕೇಳು, ಪ್ರಶ್ನೆ ಕೇಳು. ತಮಿಳಿನಲ್ಲೂ ಹಾಗೆಯೇ. ಕಿವಿಯದ್ದೂ ಬಾಯಿಯದ್ದೂ ಒಂದೇ ಕ್ರಿಯೆ ಎಂದುಕೊಂಡವರ ಭಾಷೆ ಇದು. ಅವೆರಡರ ನಡುವೆ ಒಂದು ಪುಟ್ಟ ಸದ್ದಿದೆ: ಹೂಂ. ಅದು ಪ್ರಶ್ನೆಯೂ ಅಲ್ಲ, ಉತ್ತರವೂ ಅಲ್ಲ. ಒಪ್ಪಿಗೆ ಎಂದೂ ಅಲ್ಲ. ಜಗಳದಲ್ಲೂ ಹೂಂ ಎನ್ನುತ್ತೇವೆ. ನಾನಿಲ್ಲಿದ್ದೇನೆ, ನಿನ್ನ ಮಾತು ನನ್ನನ್ನು ಮುಟ್ಟುತ್ತಿದೆ, ಮುಂದಕ್ಕೆ ಹೋಗು ಎಂದು ಹೇಳುವ ತುಟಿ ಬಿಚ್ಚದ ಮಾತು. ಅದಕ್ಕೆ ನಮ್ಮಲ್ಲಿ ಕ್ರಿಯಾಪದವೇ ಇದೆ, ಹೂಂಗುಟ್ಟುವುದು. ಮಲೆ ಮಾದೇಶ್ವರನ ಕಥೆ ಹಾಡುವ ಕಂಸಾಳೆಯವರಲ್ಲಿ ಮುಂದಾಳು ಒಂದು ಸೊಲ್ಲು ಎತ್ತಿದರೆ ಹಿಮ್ಮೇಳದವರು ದನಿಗೂಡಿಸುತ್ತಾರೆ. ಅದಿಲ್ಲದೆ ರಾತ್ರಿಯಿಡೀ ಕಥೆ ನಡೆಯುವುದು ಹೇಗೆ? ಮನೆಗಳಲ್ಲಿ ಆ ಹಿಮ್ಮೇಳ ಮಕ್ಕಳದು. ಅಜ್ಜಿ ಕಥೆ ಹೇಳುವಾಗ ಹೂಂ ಅನ್ನಬೇಕು ಎಂಬುದು ಮೊದಲೇ ಆದ ಒಪ್ಪಂದ. ಹೂಂ ನಿಂತಿತೆಂದರೆ ಮಗು ಮಲಗಿತು. ಕಥೆ ಅಲ್ಲಿಗೇ ನಿಲ್ಲುತ್ತದೆ, ರಾಜಕುಮಾರ ಕಾಡಿನ ನಡುವೆ ಇದ್ದರೂ ಸರಿ.

ಕಚೇರಿ ಮೇಜಿನ ನಡುವಿಗೆ ಈ ಮುಚ್ಚಳದ ಬಗೆಯ ಫೋನು ಬಂದದ್ದು 1990ರ ದಶಕದಲ್ಲಿ. ಪಾಲಿಕಾಮ್‌ನವರ ಮೂರು ಕಾಲಿನ ಸೌಂಡ್‌ಸ್ಟೇಷನ್ 1992ರಲ್ಲಿ ಬಂತು. ಸುತ್ತ ಕೂತವರೆಲ್ಲ ಸಮಾನರಾಗಿ ಮಾತಾಡಲಿ ಎಂಬುದು ಅದರ ಉದ್ದೇಶ. ಮಾತಿನ ಕಡೆಗೇ ಎಲ್ಲರ ಗಮನ. ಕೇಳುವವರ ಸದ್ದೂ ಮಾತಿನ ಭಾಗ ಎಂದು ನಾವು ಅದಕ್ಕೆ ಹೇಳಿಕೊಟ್ಟಂತಿಲ್ಲ. ಅದರ ಕಿವಿಗೆ ಹೂಂ ಎಂದರೆ ತಗ್ಗಿದ, ಗಿಡ್ಡನೆಯ, ಅಕ್ಷರವಿಲ್ಲದ ಒಂದು ಗುನುಗು. ಫ್ಯಾನಿನ ಸದ್ದಿನ ದಾಯಾದಿ.

ಕೇಳುವವರ ಅಗತ್ಯವೇ ಇಲ್ಲದ ದನಿಗಳೂ ಇವೆ. ಆ ವಾರ ಬನಶಂಕರಿಗೆ ಹೋಗಲು ಸೌತ್ ಎಂಡ್ ಸರ್ಕಲ್‌ನಲ್ಲಿ ಮೆಟ್ರೋ ಹತ್ತಿದೆ. ಮುಂದಿನ ನಿಲ್ದಾಣದ ಹೆಸರು ಹೇಳುವ ಕನ್ನಡ ದನಿ ನಿರೂಪಕಿ ಅಪರ್ಣಾ ಅವರದು ಎಂದು ಈ ಊರಿಗೆಲ್ಲ ಗೊತ್ತು. ಬನಶಂಕರಿಯಲ್ಲೇ ಮನೆ ಮಾಡಿಕೊಂಡಿದ್ದ ಅವರು 2024ರ ಜುಲೈ 11ರಂದು ತೀರಿಕೊಂಡರು. ಮಾರನೆಯ ದಿನವೂ ರೈಲಿನಲ್ಲಿ ಅದೇ ದನಿ, ಅದೇ ಸ್ಪಷ್ಟ ಉಚ್ಚಾರ, ಅಲ್ಪಪ್ರಾಣ ಮಹಾಪ್ರಾಣ ಒಂದೂ ಜಾರದ ಹಾಗೆ. ಅಂದು ನನ್ನ ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು, ಘೋಷಣೆ ಮುಗಿದ ಕೂಡಲೇ ತಮಗೆ ತಾವೇ ಎಂಬಂತೆ "ಹೂಂ" ಎಂದದ್ದು ಈಗಲೂ ನೆನಪಿದೆ. ಯಾರಿಗೂ ತಲುಪದ ಹೂಂ. ಆದರೆ ಅಷ್ಟು ಜನರಲ್ಲಿ ಆ ದನಿಯನ್ನು ಕೇಳಿದವರು ಅವರೊಬ್ಬರೇ ಎಂದು ನನಗೆ ಅನ್ನಿಸಿತು.

ಇನ್ನು ಅಮ್ಮನ ವಿಷಯ. ಅವಳಿಗೆ ಎಪ್ಪತ್ತಾರು. ಫೋನಿನಲ್ಲಿ ಕಿರುಚಿ ಮಾತಾಡುವ ಅಭ್ಯಾಸ ಟ್ರಂಕ್ ಕಾಲ್ ಕಾಲದ್ದು. ಜಯನಗರ ಬಡಾವಣೆ ಶುರುವಾದ 1948ರಲ್ಲೇ ಊರಿನ ಇನ್ನೊಂದು ತುದಿಯಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕೂಡ ಶುರುವಾಯಿತು. ದೇಶಕ್ಕೆಲ್ಲ ಫೋನು ಮಾಡಿಕೊಡುತ್ತಿದ್ದ ದೂರವಾಣಿನಗರ ಈ ಊರಲ್ಲೇ ಇದ್ದರೂ ಈ ಊರಿನವರಿಗೆ ಫೋನು ಸಿಗುತ್ತಿದ್ದದ್ದು ವರ್ಷಗಟ್ಟಲೆ ಕಾದ ಮೇಲೆ. ಒಂದು ಸಂಪರ್ಕಕ್ಕೆ ವರ್ಷ ಕಾಯಬೇಕಾಯಿತೆಂದು ಇನ್ಫೋಸಿಸ್‌ನ ನಾರಾಯಣಮೂರ್ತಿಯವರೇ ಹೇಳಿಕೊಂಡಿದ್ದಾರೆ, ಇನ್ನು ಮೇಷ್ಟರಾಗಿದ್ದ ನಮ್ಮಪ್ಪ ಯಾವ ಲೆಕ್ಕ. ಕಡೆಗೂ ಬಂದ ಆ ಕಪ್ಪು ಫೋನಿಗೆ ಅಮ್ಮ ಕ್ರೋಶಾ ಹೊದಿಕೆ ಹೆಣೆದಿದ್ದಳು. ಶಿವಮೊಗ್ಗದ ಅತ್ತೆಗೆ ಕೇಳಿಸಬೇಕಾದರೆ ಕೂಗಲೇಬೇಕಿತ್ತು. ಈಗ ನ್ಯೂಜೆರ್ಸಿಗೂ ಕೂಗುತ್ತಾಳೆ, ಅದು ಶಿವಮೊಗ್ಗಕ್ಕಿಂತ ದೂರ ತಾನೇ.

ಆರು ವರ್ಷದ ಮೊಮ್ಮಗಳಿಗೆ ಭಾನುವಾರ ಬೆಳಿಗ್ಗೆ ಆರಕ್ಕೆ ಅವಳು ಕಥೆ ಹೇಳುತ್ತಾಳೆ. ಅಲ್ಲಿ ಆಗ ಶನಿವಾರ ರಾತ್ರಿ ಎಂಟೂವರೆ. ಇಲ್ಲಿ ಮೊದಲ ಕಾಫಿ, ಅಲ್ಲಿ ಹಾಸಿಗೆ. ಫೋನನ್ನು ಕಿವಿಗೆ ಹಿಡಿದು ಕೈ ಸೋಲುತ್ತದೆಂದು ಆ ಸಲ ಮುಚ್ಚಳವನ್ನು ಅವಳ ಮುಂದಿಟ್ಟೆ. ಅಮ್ಮ ಅದನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡು, ಅದರ ಮೇಲೆ ಬಾಗಿ, ಮಗುವಿನ ಮುಖ ಅಲ್ಲೇ ಇದೆಯೋ ಎಂಬಂತೆ ನೋಡುತ್ತ ಶುರುಮಾಡಿದಳು. ಕಾಗಕ್ಕ ಗುಬ್ಬಕ್ಕನ ಕಥೆ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲು ಮನೆ. ಮಳೆ ಬಂತು. ಕಾಗಕ್ಕನ ಮನೆ ಕರಗಿಹೋಯಿತು. ನೆಂದು ತೊಪ್ಪೆಯಾದ ಕಾಗಕ್ಕ ಬಂದು ಗುಬ್ಬಕ್ಕನ ಬಾಗಿಲು ತಟ್ಟಿ ಕರೆಯಿತು.

ಅಮ್ಮ ನಿಲ್ಲಿಸಿದಳು. ಹೂಂ ಬರಲಿಲ್ಲ. ಕಥೆಯಲ್ಲಿ ಗುಬ್ಬಕ್ಕ ಬಾಗಿಲು ತೆಗೆಯುವುದಿಲ್ಲ. ಮಗುವಿಗೆ ನೀರು ಹಾಕುತ್ತಿದ್ದೇನೆ, ತಲೆ ಬಾಚುತ್ತಿದ್ದೇನೆ ಎಂದು ಏನಾದರೊಂದು ನೆಪ ಹೇಳಿ ಕಾಗಕ್ಕನನ್ನು ಮಳೆಯಲ್ಲಿ ನಿಲ್ಲಿಸುತ್ತದೆ. ಅಮ್ಮ ಇನ್ನೊಂದು ವಾಕ್ಯ ಹೇಳಿ, ಮತ್ತೆ ತಡೆದು ನೋಡಿದಳು. ಇಲ್ಲ.

"ಮಲಗಿಬಿಡ್ತು ಕಣೇ ಮಗು" ಎಂದು ದನಿ ತಗ್ಗಿಸಿ ಹೇಳಿ, ಮಂಡಿ ಹಿಡಿದುಕೊಂಡು ಎದ್ದಳು. ಅವಳು ದನಿ ತಗ್ಗಿಸಿದ್ದನ್ನು ನಾನು ಫೋನಿನ ಮುಂದೆ ಕಂಡದ್ದು ಅದೇ ಮೊದಲು.

ಮುಚ್ಚಳದಿಂದ ಸಣ್ಣ ದನಿ ಬಂತು. "ಅಜ್ಜೀ, ಆಮೇಲೆ?"

ಮಗು ಎಲ್ಲ ಕಡೆಯೂ ಹೂಂ ಅಂದಿದ್ದಳಂತೆ. ತಮ್ಮ ಪಕ್ಕದಲ್ಲೇ ಇದ್ದ, ಅವನೇ ಹೇಳಿದ. ಅಮ್ಮನ ಕೂಗು ಇನ್ನೂ ಮುಗಿದಿರದ ಹೊತ್ತಿಗೇ ಆ ಗುನುಗು ಬಂದು, ಎರಡೂ ಒಂದರ ಮೇಲೊಂದು ಬಿದ್ದು, ಯಾವುದೋ ತುದಿಯ ಯಂತ್ರ ಅದನ್ನು ಕಸವೆಂದು ಗುಡಿಸಿ ಹಾಕಿತ್ತು. ನಮ್ಮ ಮುಚ್ಚಳವೋ, ಅವರ ಫೋನೋ, ನಡುವಿನ ಇನ್ಯಾವುದೋ. ನಾನು ಅಮ್ಮನಿಗೆ ತಿಳಿಯುವ ಹಾಗೆ ಹೇಳಲು ನೋಡಿದೆ. ಅವಳು ಪೂರ್ತಿ ಕೇಳಲಿಲ್ಲ. "ಅಂದರೆ ನಾನು ನಿಲ್ಲಿಸಿದ ಮೇಲೆ ಅದು ಹೂಂ ಅನ್ನಬೇಕು, ಅಷ್ಟೇ ತಾನೆ" ಎಂದಳು.

ಮತ್ತೆ ಕೂತಳು. ಈಗ ಒಂದು ವಾಕ್ಯ ಹೇಳುತ್ತಾಳೆ, ಕೈಯನ್ನು ಮುಚ್ಚಳದ ಮೇಲೆ ಹಗುರವಾಗಿ ಇಟ್ಟು ಕಾಯುತ್ತಾಳೆ. ಮಾತು ಅಷ್ಟು ದೂರ ಹೋಗಿ, ಆ ಕಡೆಯದು ಇಷ್ಟು ದೂರ ಬರಬೇಕು. ಆ ನಡುವಿನ ಹೊತ್ತಿನಲ್ಲಿ ಹೊರಗೆ ರಂಗೋಲಿಗೆ ನೀರು ಚಿಮುಕಿಸುವ ಸದ್ದು, ಎದುರು ಮನೆಯ ರೇಡಿಯೋ, ಕೋಗಿಲೆ. ಆಮೇಲೆ ಬರುತ್ತದೆ, ಹೂಂ. ಅಮ್ಮ ಮುಂದಿನ ವಾಕ್ಯಕ್ಕೆ ಹೋಗುತ್ತಾಳೆ. ಹತ್ತು ನಿಮಿಷದ ಕಥೆ ಅರ್ಧ ಗಂಟೆ ಹಿಡಿಯಿತು. ಕಾಫಿ ಆರಿಹೋಯಿತು. ಕಾಗಕ್ಕ ಒಳಗೆ ಬರುವ ಹೊತ್ತಿಗೆ ಹೂಂಗಳ ನಡುವಿನ ಅಂತರ ಹೆಚ್ಚುತ್ತ ಬಂದಿತ್ತು. ಅಮ್ಮ ಕಡೆಯ ಸಲ ನಿಲ್ಲಿಸಿ, ಕೈಯನ್ನು ಹಾಗೇ ಇಟ್ಟುಕೊಂಡು, ತುಂಬಾ ಹೊತ್ತು ಕಾದಳು. ಆಮೇಲೆ ನನ್ನ ಕಡೆ ತಿರುಗಿ, ಈಗ ನಿಜವಾಗಿ ಎಂಬಂತೆ ತಲೆಯಾಡಿಸಿದಳು.